ಕಪ್ಪೆ, ಸನ್ಯಾಸಿ, ತಲೆಬುರುಡೆ: ಮುಖವಾಡದ ಕೊಲೆಗಾರರ ಹಳೆಯ ಜರ್ಮನ್ ಚಿತ್ರಗಳಲ್ಲಿ ಯಾವುದು ನೋಡಬೇಕು, ಯಾವ ಪ್ರತಿ ಕೊಳ್ಳಬೇಕು

ಎಡ್ಗರ್ ವಾಲೇಸ್ ಇಂಗ್ಲೆಂಡಿನ ಲೇಖಕ. 1932ರಲ್ಲಿ ಹಾಲಿವುಡ್‌ನಲ್ಲಿ ‘ಕಿಂಗ್ ಕಾಂಗ್’ ಚಿತ್ರಕಥೆಯ ಕೆಲಸ ನಡೆದಿರುವಾಗಲೇ ತೀರಿಕೊಂಡರು. ಅವರ ಪತ್ತೇದಾರಿ ಕಾದಂಬರಿಗಳು ಸಿನಿಮಾದಲ್ಲಿ ನಿಜವಾಗಿ ಬೆಳೆದದ್ದು ಲಂಡನ್ನಿನಲ್ಲಲ್ಲ, ಪಶ್ಚಿಮ ಜರ್ಮನಿಯಲ್ಲಿ. ರಿಯಾಲ್ಟೊ ಫಿಲ್ಮ್ ಸಂಸ್ಥೆ 1959ರಿಂದ 1972ರವರೆಗೆ ವಾಲೇಸ್ ಹೆಸರಿನಲ್ಲಿ 32 ಚಿತ್ರಗಳನ್ನು ಹೊರತಂದಿತು. ಜರ್ಮನ್ನರು ಈ ಬಗೆಯ ಅಪರಾಧ ಚಿತ್ರಕ್ಕೆ ಕ್ರೀಮಿ ಅನ್ನುತ್ತಾರೆ. ಮಂಜು ಮುಸುಕಿದ ಲಂಡನ್, ಪಾಳುಬಿದ್ದ ಕೋಟೆ, ಆಸ್ತಿಗೆ ವಾರಸುದಾರಳಾದ ಹುಡುಗಿ, ಸ್ಕಾಟ್ಲೆಂಡ್ ಯಾರ್ಡ್‌ನ ಚುರುಕು ಇನ್‌ಸ್ಪೆಕ್ಟರ್, ಮುಖ ಮುಚ್ಚಿಕೊಂಡ ಕೊಲೆಗಾರ. ಪಾತ್ರಗಳು ಇವೇ, ಜಾಗಗಳೂ ಹೆಚ್ಚುಕಡಿಮೆ ಇವೇ, ಕಥೆ ಮಾತ್ರ ಪ್ರತಿಸಲ ಹೊಸದಾಗಿ ಹೆಣೆದದ್ದು.

ಮೂವತ್ತೆರಡನ್ನೂ ನೋಡಲೇಬೇಕೆಂದೇನೂ ಇಲ್ಲ. ಮುಖವಾಡದ ಕೊಲೆಗಾರ ನಿಜವಾಗಿ ಕಥೆಯನ್ನು ಎಳೆದುಕೊಂಡು ಹೋಗುವ ಚಿತ್ರಗಳು ಆರೋ ಏಳೋ ಇವೆ, ಇಲ್ಲಿ ತೂಗಿ ನೋಡಿರುವುದು ಮುಖ್ಯವಾಗಿ ಅವನ್ನು. ತೂಕದ ಕಲ್ಲು ಒಂದೇ: ಆ ಮುಖವಾಡ ಹಾಕಿಕೊಂಡವನಿಗೆ ಅದರಿಂದ ಏನಾದರೂ ಕೆಲಸ ಆಗುತ್ತದೆಯೇ? ಆಗುತ್ತದೆ ಅನ್ನುವ ಚಿತ್ರಗಳು ಅರುವತ್ತು ವರ್ಷ ಕಳೆದರೂ ಹೆದರಿಸುತ್ತವೆ. ಪೋಸ್ಟರ್‌ಗಾಗಿ ಮುಖವಾಡ ಹೊಲಿಸಿದ ಚಿತ್ರಗಳಲ್ಲಿ ಅರ್ಧ ಗಂಟೆಗೇ ಗಾಳಿ ಇಳಿದುಹೋಗುತ್ತದೆ.

ಎಲ್ಲದಕ್ಕೂ ಮೊದಲಿನದು ಹಾರಾಲ್ಡ್ ರೈನ್ಲ್ ನಿರ್ದೇಶನದ ‘ಡೇರ್ ಫ್ರೋಶ್ ಮಿಟ್ ಡೇರ್ ಮಾಸ್ಕೆ’, ಅಂದರೆ ಮುಖವಾಡದ ಕಪ್ಪೆ. ಬಿಡುಗಡೆಯಾದದ್ದು 1959ರ ಸೆಪ್ಟೆಂಬರ್‌ನಲ್ಲಿ. ರಿಯಾಲ್ಟೊ ಆಗ ಡೆನ್ಮಾರ್ಕ್‌ನ ಪ್ರೆಬೆನ್ ಫಿಲಿಪ್ಸೆನ್ ಅವರ ಸಂಸ್ಥೆ; ಹಾಗಾಗಿ ಲಂಡನ್ನಿನ ಈ ಕಥೆಯನ್ನು ಬಹುಪಾಲು ಚಿತ್ರೀಕರಿಸಿದ್ದು ಕೋಪನ್‌ಹೇಗನ್‌ನಲ್ಲಿ. ಲಂಡನ್ನಿನ ಬೀದಿ, ಸೇತುವೆಗಳ ತುಣುಕುಗಳನ್ನು ಬೇರೆಯಾಗಿ ತೆಗೆದು ಹೊಲಿದಿದ್ದಾರೆ. ಆ ಹೊಲಿಗೆ ಕಣ್ಣಿಗೆ ಕಾಣುತ್ತದೆ, ಆದರೆ ಅದು ಚಿತ್ರಕ್ಕೆ ಕುಂದಾಗಿಲ್ಲ. ಎಲ್ಲೂ ಇಲ್ಲದ ಒಂದು ಲಂಡನ್ ಅಲ್ಲಿ ಹುಟ್ಟಿಕೊಂಡಿತು, ಮುಂದಿನ ಚಿತ್ರಗಳೆಲ್ಲ ಅದೇ ಊರಿನಲ್ಲಿ ನಡೆದವು.

ಇಲ್ಲಿನ ಕಪ್ಪೆ ಒಂದು ದೊಡ್ಡ ಕಳ್ಳರ ಗುಂಪಿನ ನಾಯಕ. ತಲೆಯನ್ನು ಪೂರ್ತಿ ಮುಚ್ಚುವ ಮುಸುಕು, ಅದರಲ್ಲಿ ಉಬ್ಬಿಕೊಂಡ ಎರಡು ದೊಡ್ಡ ಕಣ್ಣು, ಮೈಮೇಲೆ ಕಪ್ಪು ನಿಲುವಂಗಿ. ಅವನ ಬಂಟರ ತೋಳಿನ ಮೇಲೆ ಕಪ್ಪೆಯ ಗುರುತು. ಬಂಟರಿಗೇ ನಾಯಕನ ಮುಖ ಗೊತ್ತಿಲ್ಲ, ಸಿಕ್ಕಿಬಿದ್ದವನು ಬಾಯಿಬಿಟ್ಟರೂ ಪೊಲೀಸರಿಗೆ ಏನೂ ದಕ್ಕುವುದಿಲ್ಲ. ಇಡೀ ಗುಂಪು ನಡೆಯುವುದೇ ಈ ವ್ಯವಸ್ಥೆಯ ಮೇಲೆ. ಮುಖವಾಡ ಕಳಚಿದರೆ ಗುಂಪೂ ಕಳಚಿಬೀಳುತ್ತದೆ. ಹೀಗೆ ಮುಖವಾಡಕ್ಕೆ ಕಥೆಯೊಳಗೇ ಒಂದು ಕಾರಣ ಇರುವುದರಿಂದ ಅದರ ವಿಚಿತ್ರ ಆಕಾರವನ್ನೂ ನಾವು ಒಪ್ಪಿಕೊಳ್ಳುತ್ತೇವೆ.

ಛಾಯಾಗ್ರಾಹಕ ಎರ್ನ್ಸ್ಟ್ ಕಾಲಿಂಕೆ ಬೆಳಕು ಇಟ್ಟ ರೀತಿಯನ್ನು ಗಮನಿಸಿ. ಮುಸುಕಿನ ಬಟ್ಟೆ ಹಿಂದಿನ ಕತ್ತಲೆಯೊಳಗೆ ಕರಗಿಹೋಗಬೇಕು, ಕಣ್ಣುಗಳ ಮೇಲೆ ಮಾತ್ರ ದೀಪ ಮಿಂಚಬೇಕು. ಕಪ್ಪೆ ತಲೆ ತಿರುಗಿಸಿದಾಗ ಆ ಮಿಂಚು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಜಾರುತ್ತದೆ. ಅವನು ಯಾರನ್ನು ನೋಡುತ್ತಿದ್ದಾನೆ ಎಂದು ಹೇಳಲು ಬರುವುದಿಲ್ಲ. ಸಾಮಾನ್ಯ ಮುಖವಾಡದ ತೂತಿನಲ್ಲಿ ನಟನ ಕಣ್ಣು ಕಾಣುತ್ತದೆ, ಆ ಕಣ್ಣಿನಲ್ಲಿ ಮನುಷ್ಯ ಕಾಣುತ್ತಾನೆ. ಇಲ್ಲಿ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದಾರೆ. ಸರಣಿಯ ಅತ್ಯುತ್ತಮ ಮುಖವಾಡ ಇದೇ ಎಂದು ಸಂಕೋಚವಿಲ್ಲದೆ ಹೇಳಬಹುದು.

ಯೋಆಖಿಮ್ ಫುಕ್ಸ್‌ಬೆರ್ಗರ್ ಇಲ್ಲಿ ಪೊಲೀಸ್ ಅಲ್ಲ, ಹವ್ಯಾಸಿ ಪತ್ತೇದಾರ ರಿಚರ್ಡ್ ಗಾರ್ಡನ್. ಇನ್‌ಸ್ಪೆಕ್ಟರ್ ಎಲ್ಕ್ ಪಾತ್ರದಲ್ಲಿ ಜೀಗ್‌ಫ್ರೀಡ್ ಲೋವಿಟ್ಸ್, ಬಟ್ಲರ್ ಜೇಮ್ಸ್ ಪಾತ್ರದಲ್ಲಿ ಎಡ್ಡಿ ಆರೆಂಟ್. ಬಾರ್‌ನಲ್ಲಿ ಥೇಮ್ಸ್ ನದಿಯ ಮಂಜಿನ ಮೇಲೊಂದು ಹಾಡನ್ನು ಎವಾ ಪ್ಫ್ಲೂಗ್ ಹಾಡುತ್ತಾರೆ, ಹಾಡು ಮುಗಿದ ಮೇಲೂ ಕಿವಿಯಲ್ಲಿ ಉಳಿಯುತ್ತದೆ. ದೋಷವೂ ಇದೆ: ಮಧ್ಯಭಾಗದಲ್ಲಿ ಅಡ್ಡಕಥೆಗಳು ಹೆಚ್ಚಾಗಿ, ಕಪ್ಪೆ ಬಹಳ ಹೊತ್ತು ಕಣ್ಮರೆಯಾಗುತ್ತಾನೆ. ಮೊದಲ ಸಲ ನೋಡುವವರು ಹೆಸರುಗಳನ್ನು ಗಮನವಿಟ್ಟು ಕೇಳಿಸಿಕೊಳ್ಳದಿದ್ದರೆ ಯಾರು ಯಾರ ಮಗ, ಯಾರು ಯಾರ ನೌಕರ ಎಂಬುದೇ ಗೋಜಲಾಗುತ್ತದೆ. ಮೊದಲ ಕಾಲು ಗಂಟೆ ಫೋನ್ ಪಕ್ಕಕ್ಕಿಟ್ಟು ನೋಡಬೇಕಾದ ಚಿತ್ರ.

ಎರಡು ವರ್ಷದ ನಂತರ ಆಲ್ಫ್ರೆಡ್ ಫೋರರ್ ಬಂದರು. ರಿಯಾಲ್ಟೊದ ವಾಲೇಸ್ ಚಿತ್ರಗಳಲ್ಲಿ 14 ಅವರವು. ರೈನ್ಲ್ ತೆಗೆದದ್ದು ಐದು. ಇಬ್ಬರ ಕೈ ಬೇರೆ ಬೇರೆ. ರೈನ್ಲ್‌ಗೆ ಓಟ, ಹೊಡೆದಾಟ, ಬಯಲು ಬೇಕು. ಫೋರರ್‌ಗೆ ವಸ್ತುಗಳು ಬೇಕು: ಕನ್ನಡಿ, ಗೂಢರಂಧ್ರ, ಕನ್ನಡಕ, ಬೀಗ. ಅವರ ಮೊದಲ ವಾಲೇಸ್ ಚಿತ್ರ ‘ಡೀ ಟೋಟೆನ್ ಔಗೆನ್ ಫೋನ್ ಲಂಡನ್’ (1961) ಮುಖವಾಡದ ಚಿತ್ರವಲ್ಲ, ಅಲ್ಲಿ ಕೊಲ್ಲುವವನು ಆಡಿ ಬೆರ್ಬರ್ ಮಾಡಿದ ಕುರುಡ ದೈತ್ಯ. ಆದರೂ ಅದನ್ನು ಬಿಡಬಾರದು. ಒಂದು ದೃಶ್ಯದಲ್ಲಿ ಮುದುಕನೊಬ್ಬ ನೀರು ಚಿಮ್ಮಿಸುವ ಯಂತ್ರದಿಂದ ಹಲ್ಲು ತೊಳೆಯುತ್ತಾನೆ. ಕ್ಯಾಮೆರಾ ಇರುವುದು ಅವನ ಬಾಯಿಯ ಒಳಗೆ! ಹಲ್ಲಿನ ಸಾಲುಗಳ ನಡುವಿನಿಂದ ಹೊರಗಿನ ಕೋಣೆ ಕಾಣುತ್ತದೆ. ಕಥೆಗೆ ಅದರ ಅಗತ್ಯ ಏನೂ ಇಲ್ಲ, ಆದರೆ ಇಂಥದ್ದನ್ನು ಮಾಡಿಯೇ ತೀರುತ್ತೇನೆ ಎನ್ನುವ ಹಟ ಫೋರರ್‌ದು. ಈ ಚಿತ್ರಗಳ ಜೀವ ಇರುವುದೂ ಆ ಹಟದಲ್ಲೇ.

ಮುಖವಾಡಕ್ಕೆ ಫೋರರ್ ಕೊಟ್ಟ ಅತ್ಯುತ್ತಮ ಉತ್ತರ ‘ಡಾಸ್ ಗಾಸ್ಟ್‌ಹೌಸ್ ಆನ್ ಡೇರ್ ಟೆಮ್ಜೆ’ (1962), ಥೇಮ್ಸ್ ದಡದ ಹೋಟೆಲು. ಕೊಲೆಗಾರನ ಹೆಸರು ಶಾರ್ಕ್. ಮುಳುಗುಗಾರನ ರಬ್ಬರ್ ಉಡುಪು, ಮುಖಕ್ಕೆ ನೀರಿನ ಮುಖವಾಡ, ಕೈಯಲ್ಲಿ ಈಟಿ ಹಾರಿಸುವ ಹಾರ್ಪೂನ್ ಬಂದೂಕು. ನದಿಯಿಂದ ಮೇಲೆದ್ದು ಬರುತ್ತಾನೆ, ಹಾರ್ಪೂನ್ ಹೊಡೆಯುತ್ತಾನೆ, ಚರಂಡಿ ಕಾಲುವೆಯೊಳಗೆ ಮಾಯವಾಗುತ್ತಾನೆ. ಇಲ್ಲಿ ವೇಷಕ್ಕೂ ಕೆಲಸಕ್ಕೂ ನಡುವೆ ಅಂತರವೇ ಇಲ್ಲ. ನೀರಿನಲ್ಲಿ ತಪ್ಪಿಸಿಕೊಳ್ಳುವವನಿಗೆ ಆ ಉಡುಪು ಬೇಕೇಬೇಕು, ಆ ಉಡುಪು ತೊಟ್ಟ ಮೇಲೆ ಮುಖ ತಾನಾಗಿಯೇ ಮುಚ್ಚಿಹೋಗುತ್ತದೆ. ಯಾರೂ ‘ಇವನು ಯಾಕೆ ಹೀಗೆ ಬಂದ’ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಹ್ಯಾಂಬರ್ಗ್ ಬಂದರಿನ ಹಳೆಯ ಗೋದಾಮುಗಳು, ಕಾಲುವೆಗಳು ಲಂಡನ್ನಿನ ಪಾತ್ರ ವಹಿಸಿವೆ. ಬಂದರು ನಿಜವಾದದ್ದಾದ್ದರಿಂದ ತೇವ, ಪಾಚಿ, ಹಗ್ಗ ಎಲ್ಲವೂ ನಿಜವಾಗಿಯೇ ಕಾಣುತ್ತದೆ. ಹೋಟೆಲಿನ ಒಡತಿಯಾಗಿ ಎಲಿಜಬೆತ್ ಫ್ಲಿಕೆನ್‌ಶಿಲ್ಟ್ ಇದ್ದಾರೆ. ರಂಗಭೂಮಿಯಲ್ಲಿ ಪಳಗಿದ ನಟಿ. ಅವರು ಮೆಟ್ಟಿಲಿಳಿದು ಬಂದರೆ ಸಾಕು, ಉಳಿದವರು ಹಿಂದೆ ಸರಿದಂತೆ ಕಾಣುತ್ತಾರೆ. ಇಡೀ ಸರಣಿಯಲ್ಲಿ ಒಂದೇ ಒಂದು ಚಿತ್ರ ನೋಡುವಷ್ಟು ಸಮಯ ಇರುವವರು ಇದನ್ನೇ ನೋಡಲಿ. ಮುಖವಾಡ ಕಪ್ಪೆಯದು ಮೇಲು, ಚಿತ್ರ ಇದು ಮೇಲು.

‘ಡೇರ್ ಶ್ವಾರ್ಟ್ಸೆ ಆಪ್ಟ್’ (1963), ಕಪ್ಪು ಮಠಾಧಿಪತಿ, ನಿರಾಸೆ ತರುತ್ತದೆ. ನಿರ್ದೇಶಕ ಫ್ರಾಂಟ್ಸ್ ಯೋಸೆಫ್ ಗಾಟ್‌ಲೀಬ್. ಪಾಳು ಮಠದಲ್ಲಿ ಹೂತಿಟ್ಟ ನಿಧಿ, ಅದರ ಸುತ್ತ ಹತ್ತು ಜನರ ದುರಾಸೆ, ರಾತ್ರಿ ಓಡಾಡುವ ಮುಸುಕಿನ ಆಕೃತಿ. ಫುಕ್ಸ್‌ಬೆರ್ಗರ್, ಕ್ಲೌಸ್ ಕಿನ್ಸ್ಕಿ, ಎಡ್ಡಿ ಆರೆಂಟ್ ಎಲ್ಲರೂ ಇದ್ದಾರೆ. ತೊಂದರೆ ಏನೆಂದರೆ ಸಂಶಯಿತರು ಒಬ್ಬರಿಗಿಂತ ಒಬ್ಬರು ಕೆಟ್ಟವರು, ಹಾಗಾಗಿ ಮುಸುಕಿನವನಿಗೆ ಕೆಲಸವೇ ಉಳಿದಿಲ್ಲ. ಮುಖ ತೋರಿಸಿಕೊಂಡೇ ಎಲ್ಲ ಪಾಪ ಮಾಡುವವರ ನಡುವೆ ಮುಖ ಮುಚ್ಚಿದವನಿಗೆ ಯಾರು ಹೆದರುತ್ತಾರೆ?

ಇನ್ನು ಇಬ್ಬರು ಸನ್ಯಾಸಿಗಳು. ಈ ಸರಣಿಯಲ್ಲಿ ಏನು ಕಳೆದುಹೋಯಿತು, ಏನು ಹೊಸದಾಗಿ ಬಂತು ಎಂಬುದನ್ನು ಇವೆರಡು ಚಿತ್ರಗಳಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಎರಡಕ್ಕೂ ಮೂಲ ವಾಲೇಸ್‌ನ ಒಂದೇ ನಾಟಕ. ಎರಡರಲ್ಲೂ ಹುಡುಗಿಯರ ವಸತಿಶಾಲೆ, ಎರಡರಲ್ಲೂ ಚಾವಟಿ ಹಿಡಿದ ಸನ್ಯಾಸಿ. ನಡುವಿನ ಅಂತರ ಎರಡು ವರ್ಷಕ್ಕೂ ಕಡಿಮೆ.

ರೈನ್ಲ್ ತೆಗೆದ ‘ಡೇರ್ ಉನ್‌ಹೈಮ್ಲಿಖೆ ಮೋಂಖ್’ (1965) ರಿಯಾಲ್ಟೊ ಸರಣಿಯ ಕೊನೆಯ ಕಪ್ಪು-ಬಿಳುಪು ಚಿತ್ರ. ಮುದುಕನೊಬ್ಬ ಸಾಯುವ ಮುನ್ನ ಆಸ್ತಿಯನ್ನೆಲ್ಲ ಮೊಮ್ಮಗಳಿಗೆ ಬರೆದುಬಿಡುತ್ತಾನೆ, ಉಳಿದ ಬಂಧುಗಳಿಗೆ ಹೊಟ್ಟೆಕಿಚ್ಚು. ಮೊಮ್ಮಗಳಾಗಿ ಕಾರಿನ್ ಡೋರ್, ಇನ್‌ಸ್ಪೆಕ್ಟರಾಗಿ ಹಾರಾಲ್ಡ್ ಲೈಪ್ನಿಟ್ಸ್. ಕೋಟೆಯಲ್ಲಿ ಓಡಾಡುವ ಸನ್ಯಾಸಿ ಚಾವಟಿಯನ್ನು ಕತ್ತಿಗೆ ಸುತ್ತಿ ಎಳೆದು ಕೊಲ್ಲುತ್ತಾನೆ. ಮುಸುಕು ಕಪ್ಪು, ಗೋಡೆ ಕಪ್ಪು, ರಾತ್ರಿ ಕಪ್ಪು. ಹಾಗಾಗಿ ಅವನು ಬರುವುದು ಕಾಣುವ ಮೊದಲೇ ಕೇಳಿಸುತ್ತದೆ. ಪೀಟರ್ ಥಾಮಸ್ ಸಂಗೀತ ಅಲ್ಲಿ ಕೆಲಸ ಮಾಡುವ ರೀತಿ ಗಮನಿಸಬೇಕಾದದ್ದು. ಥಾಮಸ್ ಈ ಸರಣಿಯ 18 ಚಿತ್ರಗಳಿಗೆ ಸಂಗೀತ ಕೊಟ್ಟವರು. ಹೆದರಿಸಬೇಕಾದ ಜಾಗದಲ್ಲಿ ತಂತಿವಾದ್ಯಗಳನ್ನು ನಡುಗಿಸುವ ಸಾಮಾನ್ಯ ದಾರಿ ಅವರದಲ್ಲ. ಕಿರುಚಾಟ, ಉಸಿರು, ಗುಂಡಿನ ಸದ್ದು, ಜಾಜ್ ತುತ್ತೂರಿ ಎಲ್ಲವನ್ನೂ ತಾಳದೊಳಗೆ ಕೂರಿಸಿಬಿಡುತ್ತಾರೆ. ಕಥೆಯಲ್ಲಿ ಹುಡುಗಿಯರನ್ನು ಸಾಗಿಸುವ ಜಾಲವೂ ಇದೆ, ಹಾಗಾಗಿ ಇದು ಸರಣಿಯಲ್ಲೇ ಹೆಚ್ಚು ಕಠೋರವಾದ ಚಿತ್ರಗಳಲ್ಲೊಂದು. ಮಕ್ಕಳ ಜೊತೆ ನೋಡುವಂಥದ್ದಲ್ಲ.

1967ರ ‘ಡೇರ್ ಮೋಂಖ್ ಮಿಟ್ ಡೇರ್ ಪೈಟ್ಶೆ’ಗೆ ಬನ್ನಿ. ನಿರ್ದೇಶಕ ಫೋರರ್, ಸಂಗೀತ ಮಾರ್ಟಿನ್ ಬೋಟ್ಖರ್, ಚಿತ್ರ ಬಣ್ಣದ್ದು. ಸನ್ಯಾಸಿಯ ನಿಲುವಂಗಿ ಕಡುಗೆಂಪು, ಚೂಪು ಟೊಪ್ಪಿಯ ಮುಸುಕೂ ಕೆಂಪು, ಚಾವಟಿ ಬಿಳಿ. ಅಡಗಿಕೊಳ್ಳಲು ಇದಕ್ಕಿಂತ ಕೆಟ್ಟ ವೇಷ ಇರಲಾರದು. ಹಗಲಲ್ಲೇ ಮರದ ನಡುವೆ ನಿಂತರೂ ಮೈಲಿ ದೂರಕ್ಕೆ ಕಾಣುತ್ತದೆ. ಫೋರರ್‌ಗೆ ಇದು ಗೊತ್ತಿಲ್ಲದೆ ಅಲ್ಲ. ಬಣ್ಣ ಬಂದ ಮೇಲೆ ನೆರಳಿನ ಆಟ ನಡೆಯುವುದಿಲ್ಲವೆಂದು ತಿಳಿದು, ಮುಖವಾಡವನ್ನು ಅಡಗಿಸುವ ಬದಲು ಕಣ್ಣಿಗೆ ಹೊಡೆಯುವಂತೆ ನಿಲ್ಲಿಸಿದ್ದಾರೆ. ಜೊತೆಗೆ ಕೊಲೆಯ ವಿಧಾನವನ್ನೂ ಬದಲಿಸಿದ್ದಾರೆ: ತೆರೆದೊಡನೆ ವಿಷಾನಿಲ ಚಿಮ್ಮುವ ಬೈಬಲ್, ಅದನ್ನು ಪ್ರಯೋಗಿಸುವವನು ಜೈಲಿನಲ್ಲಿರುವ ಕೈದಿ. ರಾತ್ರಿ ಅವನನ್ನು ಗುಟ್ಟಾಗಿ ಹೊರತಂದು, ಕೊಲೆ ಮಾಡಿಸಿ, ಮತ್ತೆ ಕಂಬಿಯೊಳಗೆ ಸೇರಿಸುತ್ತಾರೆ. ಕೊಲೆಯಾದ ಹೊತ್ತಿಗೆ ತಾನು ಜೈಲಿನಲ್ಲಿದ್ದೆ ಎನ್ನುವವನನ್ನು ಯಾರು ಹಿಡಿಯುತ್ತಾರೆ! ಇದೆಲ್ಲ ಚಿತ್ರದ ಮೊದಲ ಭಾಗದಲ್ಲೇ ಬರುವುದರಿಂದ ಹೇಳಿದರೆ ರಹಸ್ಯ ಕೆಡುವುದಿಲ್ಲ. ತನ್ನ ಗುಹೆಯಲ್ಲಿ ಮೊಸಳೆಗಳ ಕೊಳ ಇಟ್ಟುಕೊಂಡ ಖಳನೂ ಇದ್ದಾನೆ. ಹೊರಾಂಗಣದ ದೃಶ್ಯಗಳಲ್ಲಿ ಬರುವ ಬಿಳಿ ಕೋಟೆ ಬರ್ಲಿನ್ನಿನ ಪ್ಫೌವೆನ್ ಇನ್ಸೆಲ್, ಅಂದರೆ ನವಿಲುದ್ವೀಪದ್ದು.

ಹಾಗಾದರೆ ಯಾವ ಸನ್ಯಾಸಿ ಮೇಲು? ಹೆದರಬೇಕೆಂದರೆ ಕಪ್ಪು ಸನ್ಯಾಸಿ. ಹುರುಪು, ಬಣ್ಣ, ಮುಂದೇನಾಗುತ್ತದೋ ಎನ್ನುವ ಕುತೂಹಲ ಬೇಕೆಂದರೆ ಕೆಂಪು ಸನ್ಯಾಸಿ. ಕೆಂಪು ಸನ್ಯಾಸಿಯ ಕಥೆಯಲ್ಲಿ ತರ್ಕ ಹುಡುಕಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಆದರೆ ಹಾಸಿಗೆಯಲ್ಲಿ ಮಲಗಿದವಳ ಕಿಟಕಿಯಾಚೆ ಆ ಕೆಂಪು ಮುಸುಕು ಕಂಡಾಗ ತರ್ಕ ಯಾರಿಗೂ ಬೇಕಾಗುವುದಿಲ್ಲ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಕಪ್ಪನ್ನು ಮೊದಲು. ಹಿಂದುಮುಂದಾದರೆ ರೈನ್ಲ್ ಚಿತ್ರ ನಿಧಾನ ಅನ್ನಿಸುತ್ತದೆ, ಅದು ಅನ್ಯಾಯ.

‘ಇಮ್ ಬಾನ್ನೆ ಡೆಸ್ ಉನ್‌ಹೈಮ್ಲಿಖೆನ್’ (1968) ಬಣ್ಣದ ಚಿತ್ರಗಳಲ್ಲಿ ನಮ್ಮ ಎರಡನೆಯ ಆಯ್ಕೆ. ಶವಸಂಸ್ಕಾರ ನಡೆಯುತ್ತಿರುವಾಗ ಪೆಟ್ಟಿಗೆಯೊಳಗಿನಿಂದ ನಗು ಕೇಳಿಸುತ್ತದೆ, ಆಮೇಲೆ ತಲೆಬುರುಡೆಯ ಮುಖದವನೊಬ್ಬ ಚೇಳಿನ ಆಕಾರದ ಉಂಗುರದಿಂದ ವಿಷ ಚುಚ್ಚಿ ಕೊಲ್ಲಲು ತೊಡಗುತ್ತಾನೆ. ಸತ್ತವನೇ ಎದ್ದು ಬಂದನೇ ಎನ್ನುವ ಅನುಮಾನ ಹುಟ್ಟಿಸುವುದೇ ಆ ಮುಖವಾಡದ ಕೆಲಸ, ಹಾಗಾಗಿ ನಮ್ಮ ತೂಕದ ಕಲ್ಲಿಗೆ ಇದು ಸರಿಯಾಗಿ ನಿಲ್ಲುತ್ತದೆ. ಹತ್ತಿರದ ಶಾಟ್‌ಗಳಲ್ಲಿ ಬುರುಡೆಯ ಅಂಚು ಕಾಣಿಸಿಕೊಳ್ಳುವುದು ನಿಜ. ಹಸಿರು, ನೇರಳೆ ಬೆಳಕು ಬಿದ್ದ ದೃಶ್ಯಗಳಲ್ಲಿ ಮಾತ್ರ ಮೈ ಜುಮ್ಮೆನ್ನುತ್ತದೆ. ಅದೇ ವರ್ಷದ ‘ಡೇರ್ ಗೊರಿಲ್ಲಾ ಫೋನ್ ಸೋಹೊ’ವನ್ನು ಬಿಟ್ಟುಬಿಡಿ. ಅದು 1961ರ ಕುರುಡ ದೈತ್ಯನ ಕಥೆಯನ್ನೇ ಮತ್ತೆ ತೆಗೆದದ್ದು, ಕೊಲೆಗಾರ ಗೊರಿಲ್ಲಾ ವೇಷದಲ್ಲಿ ಬರುತ್ತಾನೆ. ಆ ವೇಷದಿಂದ ಅವನಿಗೆ ಸಿಗುವ ಲಾಭ ಏನೆಂದು ಚಿತ್ರ ಮುಗಿದರೂ ತಿಳಿಯುವುದಿಲ್ಲ.

ರಿಯಾಲ್ಟೊ ಯಶಸ್ಸು ಕಂಡು ಬರ್ಲಿನ್ನಿನ ನಿರ್ಮಾಪಕ ಆರ್ಟುರ್ ಬ್ರೌನರ್ ತಮ್ಮ ಸಿಸಿಸಿ ಸಂಸ್ಥೆಯಿಂದ, ವಾಲೇಸ್‌ನ ಮಗ ಬ್ರಯನ್ ಎಡ್ಗರ್ ವಾಲೇಸ್ ಹೆಸರಿನಲ್ಲಿ, ಇದೇ ಬಗೆಯ ಚಿತ್ರಗಳನ್ನು ತೆಗೆದರು. ನಕಲು ಎಂದು ತಳ್ಳಿಹಾಕಬೇಡಿ, ರಕ್ತದ ವಿಷಯದಲ್ಲಿ ಇವರ ಕೈ ಒಂದು ಹಿಡಿ ಜಾಸ್ತಿ. ರೈನ್ಲ್ ಅಲ್ಲಿಗೂ ಹೋಗಿ ‘ಡೇರ್ ವ್ಯೂರ್ಗರ್ ಫೋನ್ ಶ್ಲೋಸ್ ಬ್ಲ್ಯಾಕ್‌ಮೂರ್’ (1963) ತೆಗೆದರು. ಮುಸುಕಿನ ಕೊಲೆಗಾರ ಕತ್ತು ಹಿಸುಕಿ ಹಣೆಯ ಮೇಲೆ ‘ಎಮ್’ ಅಕ್ಷರ ಕೆತ್ತುತ್ತಾನೆ. ಸಂಗೀತ ಆಸ್ಕರ್ ಸಾಲಾ ಅವರದು. ಟ್ರೌಟೋನಿಯಮ್ ಎಂಬ ವಿದ್ಯುತ್ ವಾದ್ಯದ ಪಾರಂಗತ. ಹಿಚ್‌ಕಾಕ್‌ನ ‘ದ ಬರ್ಡ್ಸ್’ ಚಿತ್ರದ ಹಕ್ಕಿಗಳ ಸದ್ದನ್ನು ರೂಪಿಸಿದವರಲ್ಲಿ ಇವರೂ ಒಬ್ಬರು. ಮಾಮೂಲಿ ವಾದ್ಯಗಳ ನೆಂಟಸ್ತಿಕೆಯೇ ಇಲ್ಲದ ಆ ಲೋಹದ ದನಿ ಕೋಟೆಯ ಗೋಡೆಗೆ ಬಡಿದು ಬಂದಂತೆ ಕೇಳಿಸುತ್ತದೆ. ಅದೇ ವರ್ಷದ ‘ಡೇರ್ ಹೆಂಕರ್ ಫೋನ್ ಲಂಡನ್’ನಲ್ಲಿ ಕಪ್ಪು ಮುಸುಕಿನ ಒಂದು ಗುಂಪು ತಾವೇ ನ್ಯಾಯಾಲಯ ನಡೆಸಿ, ಕಾನೂನಿನಿಂದ ತಪ್ಪಿಸಿಕೊಂಡವರನ್ನು ನೇಣಿಗೆ ಹಾಕುತ್ತದೆ, ಅದೂ ಸ್ಕಾಟ್ಲೆಂಡ್ ಯಾರ್ಡ್‌ನ ವಸ್ತುಸಂಗ್ರಹಾಲಯದಿಂದ ಕದ್ದ ಹಗ್ಗದಿಂದ. ಮುಖವಾಡ ಇಲ್ಲಿ ಭಯಕ್ಕಲ್ಲ, ತೀರ್ಪು ಕೊಡುವವನಿಗೆ ಮುಖ ಇರಬಾರದು ಎನ್ನುವ ವಾದಕ್ಕೆ. ಈ ಯೋಚನೆ ಒಂದರಿಂದಲೇ ಚಿತ್ರ ನೋಡಲು ತಕ್ಕದ್ದು, ಜೊತೆಗೆ ಓಡುವ ಇನ್ನೊಂದು ಕಥೆ ಇಲ್ಲದಿದ್ದರೂ ನಡೆಯುತ್ತಿತ್ತು.

ಈ ಚಿತ್ರಗಳಲ್ಲಿ ಸಹಿಸಿಕೊಳ್ಳಬೇಕಾದದ್ದೂ ಇದೆ. ಎಡ್ಡಿ ಆರೆಂಟ್‌ರ ಹಾಸ್ಯ ಕೆಲವು ಕಡೆ ಹೆದರಿಕೆಯ ದೃಶ್ಯಕ್ಕೆ ಒಳ್ಳೆಯ ಬಿಡುವು, ಇನ್ನು ಕೆಲವು ಕಡೆ ಬರೀ ಅಡ್ಡಿ. ಹೆಣ್ಣು ಪಾತ್ರಗಳಿಗೆ ಬಹುತೇಕ ಇರುವುದು ಆಸ್ತಿ ಅಥವಾ ಅಪಾಯ, ಇವೆರಡೇ. ಪೂರ್ವದೇಶಗಳನ್ನು ತೋರಿಸುವ ರೀತಿ ಇನ್ನೂ ಕೆಟ್ಟದ್ದು. ಸಿಸಿಸಿಯ ‘ಡೇರ್ ಫ್ಲೂಖ್ ಡೇರ್ ಗೆಲ್ಬೆನ್ ಶ್ಲಾಂಗೆ’ (1963) ಚೀನೀಯರ ಬಗ್ಗೆ ಹಳಸಲು ಭಯವನ್ನೇ ಬಂಡವಾಳ ಮಾಡಿಕೊಂಡಿದೆ. ರಿಯಾಲ್ಟೊದ ‘ಡಾಸ್ ಇಂಡಿಷೆ ಟುಖ್’ (1963) ಹೆಸರಿನಲ್ಲಿ ಭಾರತ ಇದೆ, ಉಯಿಲಿಗಾಗಿ ಕೋಟೆಯಲ್ಲಿ ಸೇರಿದವರನ್ನು ಒಬ್ಬೊಬ್ಬರನ್ನಾಗಿ ಭಾರತೀಯ ಶಾಲಿನಿಂದ ಕತ್ತು ಬಿಗಿದು ಕೊಲ್ಲುತ್ತಾರೆ. ಭಾರತ ಅಲ್ಲಿ ಒಂದು ತುಂಡು ಬಟ್ಟೆಗಿಂತ ಹೆಚ್ಚೇನೂ ಅಲ್ಲ. ಚಿತ್ರ ಮಾತ್ರ ಬಿಗಿಯಾಗಿದೆ. ಮುಖವಾಡ ಇಲ್ಲದ ವಾಲೇಸ್ ಚಿತ್ರಗಳಲ್ಲಿ ಮೊದಲ ಸಾಲಿನದು.

ಈಗ ಪ್ರತಿಯ ವಿಚಾರ. ಇಲ್ಲಿ ಎಡವಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಮೊದಲನೆಯದು ಹೆಸರು. ಒಂದೇ ಚಿತ್ರ ಇಂಗ್ಲಿಷಿನಲ್ಲಿ ಎರಡು ಮೂರು ಹೆಸರಿನಲ್ಲಿ ಮಾರಾಟವಾಗುತ್ತದೆ. ಕೆಂಪು ಸನ್ಯಾಸಿಯ ಚಿತ್ರ ‘ದ ಕಾಲೇಜ್ ಗರ್ಲ್ ಮರ್ಡರ್ಸ್’ ಎಂದು ಸಿಗುತ್ತದೆ, ತಲೆಬುರುಡೆಯ ಚಿತ್ರ ‘ದ ಹ್ಯಾಂಡ್ ಆಫ್ ಪವರ್’ ಎಂದೂ ‘ದ ಜಾಂಬಿ ವಾಕ್ಸ್’ ಎಂದೂ. ಕೊಳ್ಳುವ ಮೊದಲು ಜರ್ಮನ್ ಹೆಸರು, ನಿರ್ದೇಶಕ, ವರ್ಷ ಮೂರನ್ನೂ ಹೊಂದಿಸಿ ನೋಡಿ. ಇಲ್ಲದಿದ್ದರೆ ಒಂದೇ ಚಿತ್ರ ಎರಡು ಸಲ ಮನೆಗೆ ಬರುತ್ತದೆ.

ಎರಡನೆಯದು ಚೌಕಟ್ಟು. ಕಪ್ಪು-ಬಿಳುಪಿನ ಬಹಳಷ್ಟು ಚಿತ್ರಗಳು 1.66:1 ಅಳತೆಯವು, ಅಂದರೆ ಎತ್ತರ 1 ಆದರೆ ಅಗಲ 1.66; ಈಗಿನ ಟಿವಿಯಲ್ಲಿ ಎರಡು ಪಕ್ಕ ಸಣ್ಣ ಕಪ್ಪು ಪಟ್ಟಿ ಬರಬೇಕು. ‘ಶ್ವಾರ್ಟ್ಸೆ ಆಪ್ಟ್’, ‘ಇಂಡಿಷೆ ಟುಖ್’ನಂಥವು ಅಲ್ಟ್ರಾಸ್ಕೋಪ್ ಎಂಬ ಅಗಲ ಪರದೆಯ ಪದ್ಧತಿಯಲ್ಲಿ ತೆಗೆದವು, 2.35:1, ಅವಕ್ಕೆ ಪಟ್ಟಿ ಮೇಲೆ ಕೆಳಗೆ ಬರಬೇಕು. ಹಳೆಯ ಟಿವಿಗಾಗಿ 4:3ಕ್ಕೆ ಕತ್ತರಿಸಿದ ಪ್ರತಿಗಳು ಇನ್ನೂ ಓಡಾಡುತ್ತಿವೆ. ಲೆಕ್ಕ ಹಾಕಿದರೆ 2.35ರ ಚಿತ್ರದಲ್ಲಿ ಅಗಲದ ಶೇ. 43ರಷ್ಟು ಹೋಗಿಬಿಡುತ್ತದೆ. ಕೋಣೆಯ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುವವನೇ ಮುಖ್ಯವಾದ ಇಂಥ ಚಿತ್ರದಲ್ಲಿ ಹಾಗೆ ಹೋಗುವುದು ಬರೀ ಗೋಡೆಯಲ್ಲ, ಸಂಶಯಿತರೇ.

ಮೂರನೆಯದು ಅವಧಿ. ಚಿತ್ರಗಳು ಬಹುತೇಕ ಒಂದೂವರೆ ಗಂಟೆ ಆಸುಪಾಸಿನವು. ಯುರೋಪಿನ ಡಿವಿಡಿ ಪಾಲ್ ಪದ್ಧತಿಯದು, ಸೆಕೆಂಡಿಗೆ 24ರ ಬದಲು 25 ಚೌಕಟ್ಟು (ಫ್ರೇಮ್) ಓಡುತ್ತದೆ. 90 ನಿಮಿಷದ ಚಿತ್ರ 86 ನಿಮಿಷ 24 ಸೆಕೆಂಡಿಗೇ ಮುಗಿಯುತ್ತದೆ. ಅದನ್ನು ಕಂಡು ದೃಶ್ಯ ಕತ್ತರಿಸಿದ್ದಾರೆಂದು ಗಾಬರಿಯಾಗಬೇಕಿಲ್ಲ. ಆದರೆ ಸ್ವರ ಮುಕ್ಕಾಲು ಸೆಮಿಟೋನ್‌ನಷ್ಟು ಮೇಲೇರಿರುತ್ತದೆ, ಸಂಗೀತದ ಕಿವಿ ಇರುವವರಿಗೆ ಥಾಮಸ್‌ರ ತುತ್ತೂರಿಗಳು ಕೀರಲಾಗಿ ಕೇಳಿಸಬಹುದು. ಬ್ಲೂ-ರೇಯಲ್ಲಿ 24 ಚೌಕಟ್ಟು ಎಂದಿದ್ದರೆ ಈ ತೊಂದರೆ ಇಲ್ಲ. 90 ನಿಮಿಷದ್ದು 80ಕ್ಕಿಂತ ಕೆಳಗಿದ್ದರೆ ಮಾತ್ರ ಅದು ಕತ್ತರಿಸಿದ ಪ್ರತಿಯೇ.

ನಾಲ್ಕನೆಯದು ಪ್ರದೇಶ ಸಂಕೇತ. ಜರ್ಮನಿಯ ಡಿವಿಡಿ ವಲಯ 2, ಭಾರತದ್ದು ವಲಯ 5. ಬ್ಲೂ-ರೇಯಲ್ಲಿ ಜರ್ಮನಿ ಬಿ, ಭಾರತ ಸಿ. ಬೆಂಗಳೂರಿನಲ್ಲಿ ಕೊಂಡ ಪ್ಲೇಯರಿಗೆ ಬರ್ಲಿನ್ನಿನ ಡಿಸ್ಕ್ ಹಾಕಿದರೆ ಪರದೆಯ ಮೇಲೆ ಬರುವುದು ತಪ್ಪು ಸಂದೇಶ ಮಾತ್ರ. ಎಲ್ಲ ವಲಯಕ್ಕೂ ತೆರೆದ ಪ್ಲೇಯರ್ ಇದ್ದರೆ ಸರಿ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು, ಐದನೆಯದರಲ್ಲಿ ಅದು ಶಾಶ್ವತವಾಗಿ ಕೂತುಬಿಡುತ್ತದೆ. ಹಾಗಾಗಿ ಹಳೆಯ ಡ್ರೈವ್ ಒಂದನ್ನು ವಲಯ 2ಕ್ಕೇ ಮೀಸಲಿಡುವುದು ಒಳ್ಳೆಯದು. ಜರ್ಮನಿಯಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ನೆಂಟರಲ್ಲಿ ಇದ್ದರೆ ಡಿಸ್ಕ್ ತರಿಸುವಾಗ ಪೆಟ್ಟಿಗೆಯ ಹಿಂಬದಿಯ ಫೋಟೊ ಮೊದಲು ಕಳಿಸಲು ಹೇಳಿ. ‘ಉಂಟರ್‌ಟೀಟೆಲ್’ ಎಂಬ ಪದದ ಮುಂದೆ ‘ಎಂಗ್ಲಿಶ್’ ಇದೆಯೇ ನೋಡಿ. ಜರ್ಮನ್ ಡಿಸ್ಕ್‌ಗಳಲ್ಲಿ ಎಷ್ಟೋ ಸಲ ಇಂಗ್ಲಿಷ್ ಅಡಿಬರಹ ಇರುವುದಿಲ್ಲ, ‘ಟೋನ್’ ಮುಂದೆ ಇಂಗ್ಲಿಷ್ ಇದ್ದರೆ ಅದು ಡಬ್ಬಿಂಗ್ ಮಾತ್ರ.

ಡಬ್ಬಿಂಗ್ ಬೇಡ ಎನ್ನುವುದೇ ನಮ್ಮ ಸಲಹೆ. ಕಿನ್ಸ್ಕಿಯ ಪಿಸುಮಾತು, ಫ್ಲಿಕೆನ್‌ಶಿಲ್ಟ್‌ರ ಕೆಳಸ್ಥಾಯಿಯ ದನಿ, ಜೀಗ್‌ಫ್ರೀಡ್ ಶ್ಯೂರೆನ್‌ಬೆರ್ಗ್ ಮಾಡುವ ಸ್ಕಾಟ್ಲೆಂಡ್ ಯಾರ್ಡ್ ಮುಖ್ಯಸ್ಥ ಸರ್ ಜಾನ್‌ನ ಗತ್ತು, ಇವೆಲ್ಲ ಡಬ್ಬಿಂಗ್‌ನಲ್ಲಿ ಒಂದೇ ಮಟ್ಟಕ್ಕೆ ಇಳಿದುಬಿಡುತ್ತವೆ. ಹಲವು ಚಿತ್ರಗಳ ಶುರುವಿನಲ್ಲಿ ಗುಂಡಿನ ಸದ್ದಿನ ಜೊತೆ ‘ಹಲ್ಲೋ, ಹೀರ್ ಶ್ಪ್ರಿಖ್ಟ್ ಎಡ್ಗರ್ ವಾಲೇಸ್’ ಎಂದು ಒಂದು ದನಿ ಬರುತ್ತದೆ, ಹಲೋ, ಮಾತಾಡುತ್ತಿರುವುದು ಎಡ್ಗರ್ ವಾಲೇಸ್ ಎಂದು. ಅದು ಫೋರರ್ ಅವರದೇ ದನಿ. ಒಳ್ಳೆಯ ಪ್ರತಿಯ ಇನ್ನೊಂದು ಗುರುತು: ಅರುವತ್ತರ ದಶಕದ ಮೊದಲ ವರ್ಷಗಳ ಎಷ್ಟೋ ಕಪ್ಪು-ಬಿಳುಪು ಚಿತ್ರಗಳಿಗೆ ಹೆಸರು ತೋರಿಸುವ ಭಾಗ ಮಾತ್ರ ಬಣ್ಣದಲ್ಲಿದೆ, ರಕ್ತಗೆಂಪು ಅಕ್ಷರ ಸಮೇತ.

ಮಂಜಿನ ಬಗ್ಗೆ ಕೊನೆಯದಾಗಿ, ಏಕೆಂದರೆ ಪುಕ್ಕಟೆ ಸಿಗುವ ಪ್ರತಿಗಳು ಸೋಲುವುದು ಇಲ್ಲೇ. ಮಂಜು ಎಂದರೆ ಬೂದುಬಣ್ಣದ ನೂರಾರು ಸಣ್ಣ ಸಣ್ಣ ಹಂತಗಳು. ವಿಡಿಯೊ ಫೈಲನ್ನು ಕುಗ್ಗಿಸುವಾಗ ಯಂತ್ರ ಮೊದಲು ಕೈಬಿಡುವುದು ಇಂಥ ಹಂತಗಳನ್ನೇ. ಆಗ ಮಂಜು ಚೌಕಚೌಕವಾಗಿ ಒಡೆಯುತ್ತದೆ, ದೀಪದ ಸುತ್ತಿನ ಪ್ರಭೆ ಬಳೆಗಳಾಗುತ್ತದೆ. ಒಳ್ಳೆಯ ಡಿಸ್ಕ್ ಇದ್ದರೂ ಟಿವಿಯೇ ಅದನ್ನು ಕೆಡಿಸಬಲ್ಲದು: ಚಿತ್ರದ ಮೇಲಿನ ಸಣ್ಣ ಕಾಳುಗಳನ್ನು ಅಳಿಸುವ ನಾಯ್ಸ್ ರಿಡಕ್ಷನ್, ಚಲನೆ ನುಣುಪು ಮಾಡುವ ಮೋಷನ್ ಸ್ಮೂದಿಂಗ್, ಡೈನಾಮಿಕ್ ಕಾಂಟ್ರಾಸ್ಟ್ ಮೂರನ್ನೂ ಆಫ್ ಮಾಡಿ, ‘ಸಿನಿಮಾ’ ಅಥವಾ ‘ಫಿಲ್ಮ್ ಮೇಕರ್’ ಮೋಡ್‌ಗೆ ಹಾಕಿ. ಕೋಣೆಯ ದೀಪ ಆರಿಸಿ ಬ್ರೈಟ್‌ನೆಸ್ ಹೊಂದಿಸಿ: ಕಪ್ಪೆಯ ನಿಲುವಂಗಿಯ ಮಡಿಕೆ ಒಂದೆರಡು ಕಾಣಬೇಕು, ಮುಸುಕಿನ ಹಿಂದಿನ ಗೋಡೆ ಕಾಣಬಾರದು. ಗೋಡೆ ಕಂಡರೆ ಬ್ರೈಟ್‌ನೆಸ್ ಜಾಸ್ತಿಯಾಗಿದೆ, ಮಡಿಕೆಯೂ ಕಾಣದಿದ್ದರೆ ಕಡಿಮೆಯಾಗಿದೆ.

ನೋಡುವ ಕ್ರಮ ಹೀಗಿರಲಿ: ಮೊದಲು ಥೇಮ್ಸ್ ಹೋಟೆಲಿನ ಶಾರ್ಕ್, ನಂತರ ಕಪ್ಪೆ, ಆಮೇಲೆ ಕಪ್ಪು ಸನ್ಯಾಸಿ, ಕೆಂಪು ಸನ್ಯಾಸಿ, ತಲೆಬುರುಡೆ. ಇಷ್ಟು ಹಿಡಿಸಿದರೆ ಸಿಸಿಸಿಯ ಬ್ಲ್ಯಾಕ್‌ಮೂರ್ ಕೋಟೆ ಮತ್ತು ಮುಸುಕಿನ ನ್ಯಾಯಾಲಯ. ಅದಾದ ಮೇಲೆ ಇಟಲಿಯ ಮಾರಿಯೊ ಬಾವಾ 1964ರಲ್ಲಿ ತೆಗೆದ ‘ಸೇಯಿ ಡೊನ್ನೆ ಪೆರ್ ಲಸ್ಸಾಸ್ಸಿನೊ’ ನೋಡಿ. ಜರ್ಮನ್ ಹಣವೂ ಸೇರಿದ್ದ ಚಿತ್ರ ಅದು. ಅಲ್ಲಿನ ಕೊಲೆಗಾರನ ಮುಖವಾಡಕ್ಕೆ ಕಪ್ಪೆಯ ಕಣ್ಣೂ ಇಲ್ಲ, ಬುರುಡೆಯ ಹಲ್ಲೂ ಇಲ್ಲ. ಮುಖದ ಜಾಗದಲ್ಲಿ ಬರೀ ಬಿಳಿ ಬಟ್ಟೆ.